ದೊಡ್ಡಮ್ಮ ಬಾಯಿ ತೆರೆಯದ ಆಟಿ

ಹಗಲಿನಲ್ಲಿ ಹಚ್ಚಿದ ಚಿಮಿಣಿ ದೀಪದ ವಾಸನೆ ನನಗೆ ಆಗುವುದಿಲ್ಲ. ರಾತ್ರಿ ಹಚ್ಚಿದರೆ ಏನೂ ತೊಂದರೆಯಿಲ್ಲ, ಪಕ್ಕದಲ್ಲೇ ಕೂತು ಪುಸ್ತಕ ಓದಿಯೇನು. ಮೊನ್ನೆ ಬಂಟ್ವಾಳದ ನಮ್ಮ ಮನೆಯಲ್ಲಿ ಮಧ್ಯಾಹ್ನವೇ ಮಳೆಕತ್ತಲೆ ಕವಿದು ಕರೆಂಟು ಹೋಯಿತು. ಸೊಸೆ ಅಟ್ಟದಿಂದ ಹಳೆಯ ಚಿಮಿಣಿಯೊಂದನ್ನು ಹುಡುಕಿ ತಂದು ಊಟದ ಮೇಜಿನ ಮೇಲೆ ಹಚ್ಚಿಟ್ಟಳು. ಸೀಮೆಎಣ್ಣೆಯ ಹೊಗೆ ಮೂಗಿಗೆ ಬಡಿಯಿತು. ಬಟ್ಟಲು ಬಿಟ್ಟು ಎದ್ದೆ. ಸಾರು ಹಿಡಿಸಲಿಲ್ಲವೆಂದು ಸೊಸೆ ಮುಖ ಊದಿಸಿಕೊಂಡಳು. ಅವಳಿಗೆ ವಿವರಿಸುವುದಾದರೆ ಅರುವತ್ತೊಂದನೆಯ ಇಸವಿಯ ಆಟಿಯಿಂದ, ತುಳುನಾಡಿನ ಆ ಜಡಿಮಳೆಯ ತಿಂಗಳಿನಿಂದ, ಶುರು ಮಾಡಬೇಕು. ಅಷ್ಟು ಹೊತ್ತು ಕೂತು ಕೇಳುವ ತಾಳ್ಮೆ ಅವಳಿಗಿಲ್ಲ, ಹೇಳುವ ತಾಳ್ಮೆ ನನಗೂ ಇಲ್ಲ. ಬರೆಯುವುದು ವಾಸಿ.

ಆ ವರ್ಷ ನನಗೆ ಇಪ್ಪತ್ತು. ಟ್ರೈನಿಂಗ್ ಮುಗಿಸಿ ಮೂಡುಬಿದಿರೆಯ ಒಂದು ಶಾಲೆಗೆ ಟೀಚರಾಗಿ ಸೇರಿದ್ದೆ. ಅಮ್ಮನ ತವರುಮನೆ ಅಲ್ಲಿಯೇ ಜೈನಪೇಟೆಯಲ್ಲಿ ಇದ್ದುದರಿಂದ ಬೇರೆ ಬಿಡಾರದ ಮಾತು ಬರಲಿಲ್ಲ. ಅಷ್ಟು ದೊಡ್ಡ ಮನೆಯಲ್ಲಿ ಇದ್ದವರು ಇಬ್ಬರೇ: ಅಮ್ಮನ ಅಕ್ಕ ಚಂದ್ರಮತಿ, ಅಂದರೆ ನನ್ನ ದೊಡ್ಡಮ್ಮ, ಮತ್ತು ಅವರ ತಮ್ಮ ಧರ್ಮಪಾಲ ಮಾವ. ನಮ್ಮದು ಅಳಿಯಸಂತಾನದ ಮನೆತನ. ಮನೆ ಹೆಂಗಸರದ್ದು, ಯಜಮಾನಿಕೆ ಅವರ ಅಣ್ಣತಮ್ಮಂದಿರದ್ದು. ಮಾವನ ಹೆಂಡತಿ ಮಕ್ಕಳು ಬೆಳ್ತಂಗಡಿಯಲ್ಲಿ ಹೆಂಡತಿಯ ಮನೆಯಲ್ಲಿಯೇ ಇದ್ದರು. ಮಾವ ಹೋಗಿ ಬಂದು ಮಾಡುತ್ತಿದ್ದರು, ಆದರೆ ಅವರ ಜೀವ ಇದ್ದದ್ದು ಅಕ್ಕನ ಹತ್ತಿರ. ಅಕ್ಕ ಬಡಿಸದೆ ಅವರಿಗೆ ಊಟ ಸೇರುತ್ತಿರಲಿಲ್ಲ.

ದೊಡ್ಡಮ್ಮ ನೀರು ಸೋಸುವುದನ್ನು ನೋಡಬೇಕಿತ್ತು. ಬಾವಿಯಿಂದ ಸೇದಿದ ನೀರನ್ನು ಎರಡು ಮಡಿಕೆ ಬಟ್ಟೆಯಲ್ಲಿ ಸೋಸುವುದು ಎಲ್ಲ ಜೈನರ ಮನೆಯಲ್ಲೂ ಇದ್ದದ್ದೇ. ಅದಾದ ಮೇಲೆ ಆ ಬಟ್ಟೆಯ ಮೇಲೆ ನಿಧಾನವಾಗಿ ನೀರು ಹೊಯ್ದು, ಅದರಲ್ಲಿ ಉಳಿದ ಸಣ್ಣ ಜೀವಗಳನ್ನು ಕೊಡಪಾನಕ್ಕೆ ಇಳಿಸಿ, ಕೊಡಪಾನವನ್ನು ಹಗ್ಗದಲ್ಲಿ ಬಾವಿಯ ನೀರಿನ ಮಟ್ಟದವರೆಗೆ ಇಳಿಬಿಟ್ಟು ಅಲ್ಲಿ ವಾಲಿಸುತ್ತಿದ್ದರು. ಮೇಲಿನಿಂದ ಚೆಲ್ಲಬಾರದು, ಅವುಗಳಿಗೆ ಪೆಟ್ಟಾಗುತ್ತದೆ. ಒಮ್ಮೆ ಶಾಲೆಗೆ ತಡವಾಯಿತೆಂದು ನಾನು ಆ ನೀರನ್ನು ಬಾಳೆಯ ಬುಡಕ್ಕೆ ಎರಚಿದೆ. ದೊಡ್ಡಮ್ಮ ಬೈಯಲಿಲ್ಲ. "ಅವುಗಳ ಮನೆ ಬಾವಿಯಲ್ಲಿ ಉಂಟು. ನೀನು ಇಲ್ಲಿ ತಂದು ಬಿಟ್ಟರೆ ಅವು ಎಲ್ಲಿಗೆ ಹೋಗುವುದು?" ಎಂದು ಕೇಳಿದರು. ಕಣ್ಣಿಗೇ ಕಾಣದ್ದಕ್ಕೆ ಏನು ಗೊತ್ತಾಗುತ್ತದೆ ಎಂದು ನಾನು ವಾದಿಸಿದೆ. ಬಿಸಿ ತಾಗಿದರೆ ಗೊತ್ತಾಗುತ್ತದೆ, ಅಷ್ಟು ಸಾಕಲ್ಲವಾ ಎಂದರು.

ಊಟದ ವಿಷಯದಲ್ಲೂ ಹಾಗೆಯೇ. ಸೂರ್ಯ ಮುಳುಗಿದ ಮೇಲೆ ತೊಟ್ಟು ನೀರೂ ಇಲ್ಲ. ಮನೆಯಲ್ಲಿ ಎಲ್ಲರೂ ಇದನ್ನು ಪಾಲಿಸುತ್ತಿದ್ದೆವು. ಮಾವ ಗೋಡೆಯ ಗಡಿಯಾರ ಮತ್ತು ಪಂಚಾಂಗ ನೋಡಿ ಉಣ್ಣುತ್ತಿದ್ದರು. ದೊಡ್ಡಮ್ಮ ನೋಡುತ್ತಿದ್ದದ್ದು ಆಕಾಶವನ್ನು.

ಅದು ಲೋಕವೆಲ್ಲ ಹೆದರಿ ಕೂತಿದ್ದ ಕಾಲ. ಮುಂದಿನ ಫೆಬ್ರವರಿಯಲ್ಲಿ ಅಷ್ಟಗ್ರಹಗಳು ಒಂದೇ ರಾಶಿಯಲ್ಲಿ ಕೂಡುತ್ತವೆ, ಪ್ರಳಯವಾಗುತ್ತದೆ ಎಂಬ ಸುದ್ದಿ ಆಗಲೇ ಹಬ್ಬಿತ್ತು. ಆಟಿಯ ಮಳೆ ಬೇರೆ ಬಿಡದೆ ಹೊಡೆಯುತ್ತಿತ್ತು. ನಮ್ಮ ಚಾವಡಿಯಲ್ಲಿ ಮಾವನ ಸ್ನೇಹಿತರು ದಿನಾ ಸಂಜೆಯ ಮೊದಲು ಸೇರುತ್ತಿದ್ದರು, ಮತ್ತು ಅಷ್ಟು ದೂರದ ಗ್ರಹಗಳಿಗೆ ನಮ್ಮ ಗೊಡವೆ ಯಾಕೆ, ಅವಕ್ಕೆ ನಾವಿದ್ದೇವೆಂದು ಗೊತ್ತುಂಟಾ ಎಂಬುದರಿಂದ ಚರ್ಚೆ ಹಿಡಿದುಕೊಳ್ಳುತ್ತಿತ್ತು. ನಿವೃತ್ತ ಹೆಡ್ಮಾಸ್ತರರೊಬ್ಬರಿದ್ದರು. ಅರಿವು ಎಂಬುದು ಮಿದುಳಿನ ಕೆಲಸ, ಮಿದುಳಿಲ್ಲದ ಕಡೆ ಅದಿಲ್ಲ, ಇಡೀ ಬ್ರಹ್ಮಾಂಡ ಒಂದು ಕುರುಡು ಯಂತ್ರ ಎಂದು ಅವರ ವಾದ. ಮುಂಡಾಜೆಯಿಂದ ಆಗಾಗ ಬರುತ್ತಿದ್ದ ಆಯುರ್ವೇದದ ಪಂಡಿತರು ಅದಕ್ಕೆ ತದ್ವಿರುದ್ಧ. ಅರಿವು ನಮ್ಮೊಳಗೆ ಇರುವುದಲ್ಲ, ನಾವೇ ಅರಿವಿನೊಳಗೆ ಇರುವುದು, ಅದು ಒಂದೇ, ಅದಕ್ಕೆ ಒಳಹೊರಗಿಲ್ಲ ಎನ್ನುತ್ತಿದ್ದರು. ಬಸದಿಯಲ್ಲಿ ಪೂಜೆ ಮಾಡುವವರನ್ನು ನಮ್ಮಲ್ಲಿ ಇಂದ್ರರು ಎನ್ನುವುದು, ಅವರು ಇಬ್ಬರನ್ನೂ ಒಪ್ಪುತ್ತಿರಲಿಲ್ಲ. ಒಂದಲ್ಲ, ಲೆಕ್ಕವಿಲ್ಲದಷ್ಟು ಜೀವಗಳು, ಒಂದೊಂದೂ ತನ್ನ ಮೈಯಷ್ಟೇ ಅಳತೆಯದ್ದು, ನೀರಹನಿಯಲ್ಲಿರುವುದಕ್ಕೂ ತಿಳಿಯುವ ಶಕ್ತಿ ಉಂಟು ಎಂದು ಸಾವಕಾಶ ಹೇಳುತ್ತಿದ್ದರು. ಕಾಫಿ ತಂದುಕೊಡುವಾಗ ಇದನ್ನೆಲ್ಲ ಕೇಳಿ ನನಗೆ ನಗು ಬರುತ್ತಿತ್ತು. ಸಂಸಾರದ ಯಾವ ಕೆಲಸಕ್ಕೂ ಬಾರದ ವಾದಗಳು ಎಂದುಕೊಂಡಿದ್ದೆ.

ಆಟಿಯ ಮೊದಲ ವಾರದಲ್ಲಿ ದೊಡ್ಡಮ್ಮ ಬಾವಿಕಟ್ಟೆಯಲ್ಲಿ ಬಿದ್ದರು. ನಾನು ಓಡಿಹೋಗುವಾಗ ಹಗ್ಗ ಅವರ ಕೈಯಲ್ಲೇ ಸುತ್ತಿಕೊಂಡಿತ್ತು, ಕೊಡಪಾನ ಬಾವಿಯೊಳಗೆ ತೂಗುತ್ತಿತ್ತು. ಬಂಟ್ವಾಳದಿಂದ ಡಾಕ್ಟರನ್ನು ಕಾರು ಮಾಡಿ ಕರೆಸಿದರು. ತಲೆಯೊಳಗೆ ರಕ್ತನಾಳ ಒಡೆದಿದೆ, ಈ ಮಳೆಯಲ್ಲಿ ಈ ರಸ್ತೆಯಲ್ಲಿ ಮಂಗಳೂರಿಗೆ ಸಾಗಿಸಿದರೆ ದಾರಿಯಲ್ಲೇ ಮುಗಿಯುತ್ತದೆ ಎಂದರು ಅವರು. ಎಚ್ಚರ ಬಂದರೂ ಬಂತು, ಬಾರದಿದ್ದರೂ ಇಲ್ಲ. ನುಂಗುವಷ್ಟು ದಿನ ಗಂಜಿಯ ತೆಳಿ ಕೊಡಿ, ಬಾಯಿ ಮುಚ್ಚಿದರೆ ಬಲವಂತ ಮಾಡಬೇಡಿ, ಉಸಿರಿನ ಕೊಳವೆಗೆ ಹೋದೀತು ಎಂದು ಎಚ್ಚರಿಸಿ ಹೊರಟರು.

ಚಾವಡಿಯ ಒಳಬದಿಯ ಕೋಣೆಯಲ್ಲಿ, ಗಾಜಿನ ಹಂಚಿನ ಕೆಳಗೆ ಮಂಚ ಹಾಕಿ ಮಲಗಿಸಿದೆವು. ಕಣ್ಣು ಅರೆ ಮುಚ್ಚಿತ್ತು. ಕರೆದರೆ ಓಗೊಡುತ್ತಿರಲಿಲ್ಲ, ಕೈ ಎತ್ತಿದರೆ ಧಪ್ಪನೆ ಬೀಳುತ್ತಿತ್ತು. ಆದರೆ ಚಮಚ ತುಟಿಗೆ ತಾಗಿಸಿದರೆ ಬಾಯಿ ತುಸು ತೆರೆದು ತೆಳಿ ನುಂಗುತ್ತಿದ್ದರು. ಶಾಲೆಗೆ ಹೋಗುವ ಮೊದಲು ನಾನು ಕೊಡುತ್ತಿದ್ದೆ, ಮಧ್ಯಾಹ್ನ ಕೆಲಸದ ಕಮಲ ಕೊಡುತ್ತಿದ್ದಳು. ಕಮಲಳಿಗೆ ಆ ಅರೆಗಣ್ಣನ್ನು ನೋಡುವುದೆಂದರೆ ಹೆದರಿಕೆ. ನಾವೆಲ್ಲ ಇರುವುದು ಜೋಗದಲ್ಲಿ, ಕಣ್ಣಿಗೆ ಕಾಣುವ ಈ ಲೋಕದಲ್ಲಿ. ದೈವಗಳು ಇರುವುದು ಮಾಯದಲ್ಲಿ. ಅಮ್ಮ ಈಗ ಅರ್ಧ ಮಾಯಕ್ಕೆ ಸಂದಿದ್ದಾರೆ, ಅಲ್ಲಿಂದ ನಮ್ಮನ್ನು ನೋಡುತ್ತಿದ್ದಾರೆ ಎಂದು ನನ್ನ ಕಿವಿಯಲ್ಲಿ ಹೇಳಿದಳು. ಮುಖ ಆಚೆ ತಿರುಗಿಸಿಕೊಂಡೇ ಚಮಚ ಹಿಡಿಯುತ್ತಿದ್ದಳು.

ಚಾವಡಿಯ ಚರ್ಚೆ ನಿಲ್ಲಲಿಲ್ಲ. ಗ್ರಹಗಳು ಹೋಗಿ ಆ ಜಾಗಕ್ಕೆ ದೊಡ್ಡಮ್ಮ ಬಂದರು. ನಡುವೆ ಒಂದು ಹಲಗೆಯ ಗೋಡೆ ಮಾತ್ರ. ಈ ಕಡೆ ಅವರು ಮಲಗಿದ್ದಾರೆ, ಆ ಕಡೆ ಅವರು ಎಲ್ಲಿದ್ದಾರೆ ಎಂಬ ಮಾತು ನಡೆಯುತ್ತಿದೆ. ಆರಿದ ದೀಪದ ಬೆಳಕು ಎಲ್ಲಿಗೆ ಹೋಯಿತೆಂದು ಕೇಳುವುದೇ ತಪ್ಪು ಎಂದರು ಹೆಡ್ಮಾಸ್ತರರು. ಅಲ್ಲಿರುವುದು ಬರೀ ಉಸಿರು, ನುಂಗುವುದು ನರಗಳ ಅಭ್ಯಾಸ. ಪಂಡಿತರು, ಅವರು ಹೋಗಿಯೂ ಇಲ್ಲ ಬಂದೂ ಇಲ್ಲ, ಹೋಗಿಬರುವುದಕ್ಕೆ ಎರಡನೆಯ ಜಾಗವೇ ಇಲ್ಲ ಎಂದರು. ಇಂದ್ರರು ಮಾತ್ರ, "ಮೋಡ ಮುಚ್ಚಿದರೆ ಸೂರ್ಯ ಇಲ್ಲ ಅಂತ ಆಗ್ತದಾ? ಅವರು ಅಲ್ಲೇ ಇದ್ದಾರೆ. ಹೇಳಲಿಕ್ಕೆ ಆಗುವುದಿಲ್ಲ, ಅಷ್ಟೆ," ಎಂದರು. ಬಾವಿಯ ಹುಳಕ್ಕೂ ತಿಳಿವಳಿಕೆ ಉಂಟೆಂದು ಕೊಡಪಾನ ಇಳಿಸುತ್ತಿದ್ದ ಹೆಂಗಸಿಗೇ ತಿಳಿವಳಿಕೆ ಉಂಟೋ ಇಲ್ಲವೋ ಎಂದು ಕಾಫಿ ಕುಡಿಯುತ್ತ ತೀರ್ಮಾನಿಸುವುದನ್ನು ಕೇಳಿ ನನಗೆ ಮೈಯೆಲ್ಲ ಉರಿಯಿತು.

ಮಾವ ಬಾಯಿ ಹಾಕುತ್ತಿರಲಿಲ್ಲ. ಅವರನ್ನು ಕೊರೆಯುತ್ತಿದ್ದದ್ದು ಬೇರೆ. ಅವರ ತಾಯಿ, ನನ್ನ ಅಜ್ಜಿ, ತಮಗೆ ಕಾಲ ಬಂತೆಂದು ತಾವೇ ತಿಳಿದು ಸಲ್ಲೇಖನದ ವ್ರತ ತೆಗೆದುಕೊಂಡು, ಒಂದೊಂದಾಗಿ ಆಹಾರ ಬಿಟ್ಟು, ಒಳಗಿನ ದೇವರ ಕೋಣೆಯಲ್ಲಿ ಕೈಜೋಡಿಸಿಕೊಂಡು ಕಣ್ಣು ಮುಚ್ಚಿದವರು. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಸಾವಿಲ್ಲ. ದೊಡ್ಡಮ್ಮನೂ ತಮಗೆ ಅದೇ ಬೇಕೆಂದು ಎಷ್ಟೋ ಸಲ ಹೇಳಿದ್ದರು. ಈಗ ಅವರು ಗಂಜಿ ನುಂಗುತ್ತ ಎಚ್ಚರವಿಲ್ಲದೆ ಹೋಗಿಬಿಟ್ಟರೆ ಒಂದು ಜನ್ಮದ ಸಾಧನೆ ಮಣ್ಣುಪಾಲು, ಅದಕ್ಕೆ ತಾನೇ ಹೊಣೆ ಎಂದು ಮಾವ ಕೊರಗಿ ಸಣ್ಣಗಾಗಿದ್ದರು. ಅವರ ಮನಸ್ಸಿನಲ್ಲಿ ಕಪಟವಿರಲಿಲ್ಲ. ಇದ್ದಿದ್ದರೆ ಅವರ ಜೊತೆ ಜಗಳವಾಡುವುದು ನನಗೆ ಸುಲಭವಾಗುತ್ತಿತ್ತು.

ಒಂದು ದಿನ ಮಧ್ಯಾಹ್ನವೇ ಆಕಾಶ ಕಪ್ಪಿಟ್ಟಿತು. ಶಾಲೆಯಲ್ಲಿ ಮಕ್ಕಳ ಮುಖ ಕಾಣದೆ ಬೇಗ ಬಿಟ್ಟೆವು. ನಾನು ಮನೆಗೆ ಬರುವಾಗ ಕಮಲ ಚಿಮಿಣಿ ಹಚ್ಚಿ ದೊಡ್ಡಮ್ಮನ ತಲೆದಿಂಬಿನ ಪಕ್ಕ ಇಟ್ಟುಕೊಂಡು, ಬಟ್ಟಲು ಹಿಡಿದು ಅಳುತ್ತಿದ್ದಳು. ಅಮ್ಮ ಬಾಯಿ ಬಿಡುತ್ತಿಲ್ಲ ಎಂದಳು. ನಾನು ಪ್ರಯತ್ನಿಸಿದೆ. ಚಮಚ ತಾಗಿದೊಡನೆ ತುಟಿ ಇನ್ನಷ್ಟು ಬಿಗಿಯಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಾವನ ಮುಖ ಬೆಳಗಿದ್ದು ನನಗೆ ಇವತ್ತಿಗೂ ಕಾಣುತ್ತದೆ. "ಅಕ್ಕ ಬೇಡ ಅಂತ ಹೇಳ್ತಾ ಇದ್ದಾಳೆ," ಎಂದರು. ಗಡಿಯಾರ ಎರಡೂವರೆ ತೋರಿಸುತ್ತಿತ್ತು.

ಕೂಡಲೇ ಇಂದ್ರರಿಗೆ ಹೇಳಿಕಳುಹಿಸಿದರು. ಇಂದ್ರರು ಸುಲಭಕ್ಕೆ ಒಪ್ಪಲಿಲ್ಲ. ತಿಳಿದು ತೆಗೆದುಕೊಂಡರೆ ಮಾತ್ರ ಅದು ವ್ರತ, ಇನ್ನೊಬ್ಬರು ಕೊಡಿಸುವುದಲ್ಲ ಎಂದು ಖಡಾಖಂಡಿತವಾಗಿ ಹೇಳಿದರು. ಆಮೇಲೆ ಮಂಚದ ಹತ್ತಿರ ಕೂತು ದೊಡ್ಡಮ್ಮನ ಕಿವಿಗೆ ಬಗ್ಗಿ, "ಅಮ್ಮಾ, ಆಹಾರ ಬಿಡುವ ಮನಸ್ಸು ಉಂಟಾ? ಉಂಟಾದರೆ ಬಾಯಿ ಮುಚ್ಚಿಯೇ ಇರಿ. ಇಲ್ಲದಿದ್ದರೆ ತೆರೆದು ತೋರಿಸಿ," ಎಂದು ಕೇಳಿ, ಚಮಚವನ್ನು ತುಟಿಗೆ ತಾಗಿಸಲು ನನಗೆ ಹೇಳಿದರು. ಹೊರಗೆ ಮಳೆ ಧೋ ಎಂದು ಸುರಿಯುತ್ತಿತ್ತು. ಚಿಮಿಣಿಯ ಹೊಗೆ ನೇರ ನನ್ನ ಮೂಗಿಗೆ ಬರುತ್ತಿತ್ತು. ದೊಡ್ಡಮ್ಮ ಬಾಯಿ ತೆರೆಯಲಿಲ್ಲ. ಮತ್ತೆ ಕೇಳಿದರು, ಮತ್ತೆ ತಾಗಿಸಿದೆ, ತೆರೆಯಲಿಲ್ಲ.

ಆಗ, ಎಂದಿನಂತೆ ಚಾವಡಿಗೆ ಬಂದು ಕೂತಿದ್ದ ಹೆಡ್ಮಾಸ್ತರರು ಎದ್ದು ಒಳಗೆ ಬಂದು, ಇದು ಅನ್ಯಾಯ, ಅವರಿಗೆ ಏನೂ ಗೊತ್ತಾಗುವುದಿಲ್ಲ, ಗೊತ್ತಿಲ್ಲದವರ ಮೌನವನ್ನು ಒಪ್ಪಿಗೆಯೆಂದು ಹೇಗೆ ಹಿಡಿಯುತ್ತೀರಿ, ಗಂಜಿ ಕೊಡುತ್ತಾ ಇರಿ ಎಂದು ಕೂಗಾಡಿದರು. ಗೊತ್ತಾಗುತ್ತದೆ, ಅದಕ್ಕೇ ಕೇಳಿದ್ದು ಎಂದರು ಇಂದ್ರರು. ದೊಡ್ಡಮ್ಮ ಇಲ್ಲ ಎನ್ನುತ್ತಿದ್ದವರು ಅವರನ್ನು ಉಳಿಸಲು ನೋಡುತ್ತಿದ್ದಾರೆ, ಇದ್ದಾರೆ ಎನ್ನುತ್ತಿದ್ದವರು ಉಪವಾಸ ಹಾಕುತ್ತಿದ್ದಾರೆ. ನಾನು ನಂಬಿದ್ದು ಇಂದ್ರರ ಮಾತನ್ನು, ಬೇಕೆನಿಸಿದ್ದು ಹೆಡ್ಮಾಸ್ತರರ ತೀರ್ಮಾನ. ಸಂಸಾರದ ಕೆಲಸಕ್ಕೆ ಬಾರದ ವಾದಗಳು ಎಂದಿದ್ದೆನಲ್ಲ, ಅವು ಈಗ ಒಂದು ಚಮಚ ತೆಳಿಗೆ ಬಂದು ನಿಂತಿದ್ದವು.

ವ್ರತ ಆಯಿತು. ಮಂಚವನ್ನು ಒಳಗಿನ ದೇವರ ಕೋಣೆಗೆ ಸಾಗಿಸಿದರು. ಆ ಕೋಣೆಗೆ ಕಿಟಕಿಯಿಲ್ಲ. ಬೆಳಗ್ಗೆ ಹೋದರೂ ಮಧ್ಯಾಹ್ನ ಹೋದರೂ ಒಂದೇ ಎಣ್ಣೆದೀಪ, ಒಂದೇ ಕತ್ತಲೆ. ಪಾಳಿಯ ಮೇಲೆ ನೆಂಟರು ಬಂದು ಕೂತು ಮಂತ್ರ ಹೇಳುತ್ತಿದ್ದರು. ನೀರನ್ನು ಇನ್ನೂ ಬಿಡಿಸಿರಲಿಲ್ಲ, ಅದನ್ನು ಕೊಡುವ ಕೆಲಸ ನನ್ನದಾಗಿತ್ತು. ಆದರೆ ಅವರು ನೀರಿಗೂ ಬಾಯಿ ತೆರೆಯಲಿಲ್ಲ. ಒಂದು ಹಗಲು ಹೋಯಿತು, ಇನ್ನೊಂದು ಬಂತು. ತುಟಿ ಒಡೆದು ಕಪ್ಪಾಯಿತು. ಎಂಥ ದೃಢ ಮನಸ್ಸು ಎಂದು ನೆಂಟರು ಕೈಮುಗಿದರು. ಮಾವ ಬಾಗಿಲ ಬಳಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು. ಅದು ದುಃಖವೋ ಸಂತೋಷವೋ ಅವರಿಗೂ ಗೊತ್ತಿದ್ದಿರಲಾರದು. ನನಗಂತೂ ಆ ಕೋಣೆಯೊಳಗೆ ಏನೋ ದೊಡ್ಡ ತಪ್ಪು ನಡೆಯುತ್ತಿದೆ ಎಂದು ಅನ್ನಿಸುತ್ತಿತ್ತು. ಏನೆಂದು ಮಾತ್ರ ಹೊಳೆಯುತ್ತಿರಲಿಲ್ಲ.

ಅಷ್ಟು ಮಳೆಗೆ ದೇವರ ಕೋಣೆಯ ನೆಲದಿಂದ ಒಸರು ಎದ್ದಿತು. ಬೆಳಗಾಗುವಷ್ಟರಲ್ಲಿ ಮಂಚದ ಕಾಲುಗಳು ನೀರಿನಲ್ಲಿ ನಿಂತಿದ್ದವು. ವಿಧಿಯಿಲ್ಲದೆ ನಾಲ್ಕು ಮಂದಿ ಸೇರಿ ಮಂಚವನ್ನು ಎತ್ತಿ ಪುನಃ ಮೊದಲಿನ ಕೋಣೆಗೆ ತಂದರು. ಮಳೆ ಆಗಷ್ಟೇ ಬಿಟ್ಟು ಹೊಳವಾಗಿತ್ತು. ಎಷ್ಟೋ ದಿನಗಳ ಮೇಲೆ ಗಾಜಿನ ಹಂಚಿನಿಂದ ಬಿಸಿಲಿನ ಒಂದು ತುಂಡು ಇಳಿದು ದೊಡ್ಡಮ್ಮನ ಮುಖದ ಮೇಲೆ ಬಿತ್ತು. ನಾನು ಒದ್ದೆ ಬಟ್ಟೆಯಲ್ಲಿ ಅವರ ಹಣೆ ಒರೆಸುತ್ತಿದ್ದೆ. ನೋಡುತ್ತಿದ್ದಂತೆ ಆ ಒಡೆದ ತುಟಿಗಳು ಬಿಡಿಸಿಕೊಂಡವು. ಗೂಡಿನ ಹಕ್ಕಿಮರಿಯ ಹಾಗೆ ಬಾಯಿ ತೆರೆಯಿತು. ಒದ್ದೆ ಬಟ್ಟೆ ತಾಗಿಸಿದರೆ ಅದನ್ನು ಚೀಪಿದರು, ಬಿಡಲಿಲ್ಲ.

ನನಗೆ ಆಗ ಹೊಳೆಯಿತು. "ಮಾವ, ಇವರು ರಾತ್ರಿ ಅಂತ ಬಾಯಿ ಮುಚ್ಚಿದ್ದು," ಎಂದೆ. ಮಾವನಿಗೆ ಅರ್ಥವಾಗಲಿಲ್ಲ. ಎರಡೂವರೆ ಗಂಟೆಗೆ ಎಂಥದು ರಾತ್ರಿ ಎಂದು ಕೇಳಿದರು. ಮೋಡ ಮುಚ್ಚಿತ್ತು, ಚಿಮಿಣಿ ಉರಿಯುತ್ತಿತ್ತು, ಆಮೇಲೆ ಆ ಕತ್ತಲೆ ಕೋಣೆ ಎಂದು ನಾನು ತಡವರಿಸುತ್ತ ಹೇಳಿದೆ. ಕಮಲಳಿಗೆ ತೆಳಿ ತರಲು ಹೇಳಿದೆ. ಮಾವ ಅಡ್ಡ ನಿಂತರು. ವ್ರತ ಭಂಗವಾದರೆ ಅವಳಿಗೂ ಪಾಪ ನಿನಗೂ ಪಾಪ, ಬಿಸಿಲಿಗೆ ಸ್ನಾಯು ಸಡಿಲಾಗಿರಬೇಕು, ಇಷ್ಟು ಮಾಡಿದವಳ ಹಾದಿ ಕೆಡಿಸಬೇಡ ಎಂದು ಅಂಗಲಾಚಿದರು.

ಅಷ್ಟರಲ್ಲಿ ಇಂದ್ರರು ಬಂದರು. ಎಲ್ಲ ಕೇಳಿಸಿಕೊಂಡರು. ಕೈಯಲ್ಲಿದ್ದ ಕಪ್ಪು ಕೊಡೆಯನ್ನು ಕೋಣೆಯ ಒಳಗೇ ಬಿಡಿಸಿ, ದೊಡ್ಡಮ್ಮನ ಮುಖಕ್ಕೂ ಹಂಚಿನ ಬಿಸಿಲಿಗೂ ನಡುವೆ ಅಡ್ಡ ಹಿಡಿದರು. ಕೊಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಸ್ವಲ್ಪ ಹೊತ್ತಿಗೆ ಬಾಯಿ ಮುಚ್ಚಿಕೊಂಡಿತು. ನಾನು ಚಮಚ ತಾಗಿಸಿದೆ, ತುಟಿ ಬಿಗಿಯಿತು. ಕೊಡೆ ಸರಿಸಿದರು. ಬಿಸಿಲು ಬಿತ್ತು, ಬಾಯಿ ತೆರೆಯಿತು. ಇನ್ನೊಮ್ಮೆ ಅಡ್ಡ ಹಿಡಿದರು, ಮುಚ್ಚಿತು. ಮೂರನೆಯ ಸಲಕ್ಕೆ ಇಂದ್ರರು ಕೊಡೆಯನ್ನು ಕೆಳಗಿಳಿಸಿದರು. ನನಗೆ ಆ ಕೊಡೆಯನ್ನು ಕಿತ್ತು ಅಂಗಳಕ್ಕೆ ಎಸೆಯಬೇಕೆನಿಸಿತು.

"ಧರ್ಮಪಾಲರೇ, ಅಮ್ಮ ಸಲ್ಲೇಖನ ತೆಗೆದುಕೊಂಡೇ ಇಲ್ಲ," ಎಂದರು ಇಂದ್ರರು. "ದಿನಾ ಮಾಡ್ತಿದ್ದ ವ್ರತ ಇದು. ಕತ್ತಲೆಗೆ ಊಟ ಇಲ್ಲ, ಅಷ್ಟೇ. ನಾನು ಕೇಳಿದ್ದು ಒಂದು, ಅವರು ಪಾಲಿಸಿದ್ದು ಇನ್ನೊಂದು. ತೆಳಿ ಕೊಡಿ. ಬಿಸಿಲು ಹೋಗುವ ಮೊದಲು ಕೊಡಿ."

ನಾನು ಕೊಟ್ಟೆ. ಮಾವ ಗೋಡೆಗೆ ಒರಗಿ ಕುಸಿದು ಕೂತವರು ಅಕ್ಕನ ಗಂಟಲು ಅಲುಗುವುದನ್ನೇ ನೋಡುತ್ತಿದ್ದರು. ಸಂಜೆ ಹೆಡ್ಮಾಸ್ತರರು ಬಂದು, ಬೆಳಕಿಗೆ ಹೂವೂ ಅರಳುತ್ತದೆ, ಅದರಿಂದ ಅರಿವು ಇದೆಯೆಂದು ಆಗುವುದಿಲ್ಲ ಎಂದು ಆರಂಭಿಸಿದರು. ಮಾವ ಅವರನ್ನು ಕೈಮುಗಿದು ಸುಮ್ಮನಿರಿಸಿದರು. ಆ ದಿನದಿಂದ ಕಾಯುವುದೇ ಕೆಲಸವಾಯಿತು. ಬಿಸಿಲು ಬಂದಾಗ ಓಡಿ ಓಡಿ ತೆಳಿ ಕೊಡುವುದು, ಮೋಡ ಕವಿದರೆ ಕೈಕಟ್ಟಿ ಕೂರುವುದು. ಮಾವ ಹಂಚಿನವರನ್ನು ಕರೆಸಿ ಆ ಕೋಣೆಗೆ ಇನ್ನೂ ಒಂದಷ್ಟು ಗಾಜಿನ ಹಂಚು ಹಾಕಿಸಿದರು. ಹಾಕಿಸುವಾಗ ತಾವೇ ಏಣಿ ಹಿಡಿದು ನಿಂತಿದ್ದರು.

ಆಟಿ ಕಳೆದು ಸೋಣ ತಿಂಗಳು ಬಂತು. ದೊಡ್ಡಮ್ಮನ ಕಣ್ಣು ಪೂರ್ತಿ ತೆರೆಯಿತು, ಬಲಗೈ ಬೆರಳುಗಳು ಆಡಿದವು. ಕೊನೆಗೆ ನಾಲಿಗೆ ತಿರುಗತೊಡಗಿತು. ಸುದ್ದಿ ತಿಳಿದು ಚಾವಡಿಯವರೆಲ್ಲ ಬಂದರು. ಮುಂಡಾಜೆಯ ಪಂಡಿತರೂ ಬಸ್ಸು ಹಿಡಿದು ಬಂದರು. ಎಲ್ಲರಿಗೂ ಕೇಳುವುದಕ್ಕೆ ಇದ್ದದ್ದು ಒಂದೇ ಪ್ರಶ್ನೆ, ಆದರೆ ಯಾರಿಗೂ ಕೇಳಲು ಧೈರ್ಯವಿಲ್ಲ. ಮಂಚದ ಸುತ್ತ ಕೂತು ಮಳೆಯ ಬಗ್ಗೆ ಮಾತಾಡಿದರು. ಕೊನೆಗೆ ಮಾವನೇ ಅಕ್ಕನ ಕೈ ಹಿಡಿದುಕೊಂಡು, ಅಷ್ಟು ದಿನ ಎಲ್ಲಿದ್ದೆ ಅಕ್ಕ ಎಂದು ಕೇಳಿದರು.

ದೊಡ್ಡಮ್ಮ ತುಳುವಿನಲ್ಲಿ, ಒಂದೊಂದು ಮಾತಿಗೂ ತಡೆದು ತಡೆದು ಹೇಳಿದರು:

"ಇಲ್ಲೇ ಇದ್ದೆ, ಧರ್ಮ. ರಾತ್ರಿ ಮುಗಿಯುತ್ತಲೇ ಇರಲಿಲ್ಲ. ಮಂತ್ರ ಹೇಳುವುದು ಕೇಳ್ತಾ ಇತ್ತು. ಮನೆಯಲ್ಲಿ ಯಾರೋ ಸಾಯ್ತಾ ಇದ್ದಾರೆ ಅಂತ ಗ್ರಹಿಸಿದೆ. ನನಗೆ ತುಂಬಾ ಹಸಿವಾಗ್ತಾ ಇತ್ತು."